ಕೂತ ಹೊತ್ತಿನ ಲೆಕ್ಕ

ಆಫೀಸಿನಲ್ಲಿ ಅವಳನ್ನು ಜಿಪುಣಿ ಎನ್ನುತ್ತಿದ್ದರು. ಅವಳಿಗೆ ಅದು ಬಿರುದಿನಂತೆಯೇ ಕೇಳುತ್ತಿತ್ತು. ಗುಂಡಿಯಷ್ಟು ಗಾತ್ರದ ಬ್ಯಾಟರಿಯಲ್ಲಿ ವರ್ಷವಿಡೀ ನಡೆಯಬೇಕಾದ ಉಪಕರಣಗಳಿಗೆ ಗುಟ್ಟು ಕಾಯುವ ಪ್ರೋಗ್ರಾಂ ಬರೆಯುವುದು ಅವಳ ಉದ್ಯೋಗ. ಒಂದು ಗುಣಾಕಾರ ಉಳಿಸಿದರೂ ಹಬೆಯಾಡುವ ಪಾತ್ರೆಯ ತಳದ ಅನ್ನ ಉಳಿಸಿದಷ್ಟು ಸಂತೋಷ. ಮನೆಯಲ್ಲೂ ಹಾಗೆಯೇ. ಗಂಡ ಪೇಪರಿನಿಂದ ತಲೆ ಎತ್ತುವಷ್ಟರಲ್ಲಿ ಎರಡು ಹೊತ್ತಿನ ಅಡುಗೆ ಮುಗಿಸಿ ಬಟ್ಟೆ ಹರವಿರುತ್ತಿದ್ದಳು.

ಅವಳಿಗೆ ಹೆಸರು ತಂದದ್ದು ಒಂದು ಕೈಪಟ್ಟಿ. ಮನೆಗಳಿಗೆ ದಾದಿಯರನ್ನು ಕಳಿಸುವ ಏಜೆನ್ಸಿಯೊಂದು ಅದನ್ನು ಕೊಂಡಿತ್ತು. ಪಟ್ಟಿ ಕೈಯ ಚಲನೆಯನ್ನು ಅಳೆದು, ಗಂಟೆಗಂಟೆಯ ಅಂಕಿಯನ್ನು ಮರೆಮಾಚಿ ಕಳಿಸುತ್ತಿತ್ತು. ಜೊತೆಗೆ, ದಿನದ ಕೆಲಸ ಪೂರ್ತಿಯಾಗಿದೆ ಎಂಬುದಕ್ಕೆ ಒಂದು ಪುರಾವೆ. ಏಜೆನ್ಸಿಗೆ ತಿಳಿಯುವುದು ಹೌದು ಅಥವಾ ಇಲ್ಲ, ಅಷ್ಟೇ. ಯಾವಾಗ ಕೂತಳು, ಯಾವಾಗ ಬಚ್ಚಲಿಗೆ ಹೋದಳು ಎಂಬುದು ತಿಳಿಯಬಾರದು.

ಪಾರ್ಶ್ವವಾಯು ಬಡಿದು ಮಲಗಿದ್ದ ಅತ್ತೆಯನ್ನು ನೋಡಿಕೊಳ್ಳಲು ಬಂದ ದಾದಿಯ ಕೈಯಲ್ಲೂ ಅದೇ ಪಟ್ಟಿಯಿತ್ತು.

"ಇದು ನಮ್ಮ ಮೇಲೆ ಚಾಡಿ ಹೇಳಲ್ವಾ ಮೇಡಂ?"

"ಇಲ್ಲಮ್ಮ. ಹೌದು, ಇಲ್ಲ ಬಿಟ್ರೆ ಅದಕ್ಕೆ ಬೇರೆ ಮಾತೇ ಬರಲ್ಲ."

ಅತ್ತೆ ಸೊಟ್ಟ ಬಾಯಲ್ಲೇ, "ನನ್ನ ಮಗನಿಗೂ ಒಂದು ಕಟ್ಟು. ಬ್ಯಾಟರಿ ಜನ್ಮಪೂರ್ತಿ ಬರತ್ತೆ" ಎಂದರು.

ಕೆಲವು ತಿಂಗಳ ನಂತರ ದಾದಿ ಪಟ್ಟಿಯಿಲ್ಲದ ಬರಿಗೈಯಲ್ಲಿ ಬಂದಳು, ಅಡುಗೆಮನೆಯಲ್ಲಿ ಬಿಟ್ಟಿದ್ದ ತನ್ನ ಡಬ್ಬಿ ಒಯ್ಯಲು.

"ತೆಗೆದುಹಾಕಿದ್ರು. ಮಧ್ಯಾಹ್ನ ಊಟ ಆದ್ಮೇಲೆ ಸುಮ್ನೆ ಕೂತಿರ್ತೀನಂತೆ. ಗಂಟೆ ಸಮೇತ ಹೇಳಿದ್ರು."

"ಕೂತಿರ್ತಿದ್ರಾ?" ಎಂದು ಅವಳು ಬಾಯಿ ತಪ್ಪಿ ಕೇಳಿಬಿಟ್ಟಳು.

"ಕೂತಿರ್ತಿದ್ದೆ. ಕೈ ಹಿಡ್ಕೊಂಡ್ರೇನೇ ಅಜ್ಜಿಗೆ ನಿದ್ದೆ. ಬಿಡಿಸ್ಕೊಂಡ್ರೆ ಎದ್ದು ಅಳ್ತಾರೆ. ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ.

ಆಫೀಸಿಗೆ ಹೋಗಿ ತನ್ನ ಪ್ರೋಗ್ರಾಂ ತೆರೆದಳು. ತಪ್ಪು ಹುಡುಕಬೇಕಾಗಿಯೂ ಇರಲಿಲ್ಲ. ಮುಚ್ಚಿದ ಪಾತ್ರೆಯಲ್ಲಿ ಬೇಳೆ ಹಾಕಿ ತೂಗಿದರೆ, ಪಾತ್ರೆಯ ತೂಕ ಗೊತ್ತಿಲ್ಲದವರಿಗೆ ಬೇಳೆಯ ತೂಕವೂ ಗೊತ್ತಾಗದು. ಆದರೆ ಪ್ರತಿ ಸಲವೂ ಹೊಸ ಪಾತ್ರೆ ಬೇಕು. ಪಟ್ಟಿಯೊಳಗೆ ಆ ಪಾತ್ರೆಯೆಂದರೆ ಯಾರೂ ಊಹಿಸಲಾಗದ ಒಂದು ಸಂಖ್ಯೆ. ಅದನ್ನು ಹುಟ್ಟಿಸುವ ಕೆಲಸ ಬ್ಯಾಟರಿ ತಿನ್ನುತ್ತದೆ. ಜಿಪುಣಿ ವರ್ಷಕ್ಕಾಗುವಷ್ಟು ಸಂಖ್ಯೆಗಳನ್ನು ಮೊದಲೇ ತುಂಬಿಟ್ಟಿದ್ದಳು. ದಾದಿಯರು ಒಂದೇ ದಿನ ಎರಡು ಮನೆಗಳಲ್ಲಿ ಎರಡು ಪಾಳಿ ದುಡಿಯುತ್ತಾರೆಂಬುದು ಅವಳ ಲೆಕ್ಕದಲ್ಲೇ ಇರಲಿಲ್ಲ. ದಾಸ್ತಾನು ಬೇಗ ಮುಗಿದು, ಪಟ್ಟಿ ಹಳೆಯ ಪಾತ್ರೆಗಳನ್ನೇ ಮತ್ತೆ ಎತ್ತಿಕೊಂಡಿತ್ತು. ಒಂದೇ ಪಾತ್ರೆಯ ಎರಡು ತೂಕ ಸಿಕ್ಕರೆ ಒಂದರಿಂದ ಇನ್ನೊಂದನ್ನು ಕಳೆದು, ಯಾವುದರಲ್ಲಿ ಬೇಳೆ ಕಡಿಮೆ ಎಂದು ನೋಡುವುದು ಎಷ್ಟು ಹೊತ್ತಿನ ಮಾತು? ಏಜೆನ್ಸಿಯಲ್ಲಿ ಯಾರೋ ಕಳೆದು ನೋಡಿದ್ದರು.

"ಮುಂದಿನ ಆವೃತ್ತೀಲಿ ಸದ್ದಿಲ್ದೆ ಸರಿ ಮಾಡು. ಡಂಗುರ ಯಾಕೆ?" ಎಂದರು ಬಾಸ್.

ಅವಳು ಸರಿಯೆಂದು ತಲೆಯಾಡಿಸಿದಳು. ತಲೆಯಾಡಿಸಿದ್ದು ಬಸ್ಸಿನಲ್ಲಿ, ಮೆಟ್ಟಿಲ ಮೇಲೆ, ಅತ್ತೆಯ ಹಾಸಿಗೆ ಬದಲಿಸುವಾಗಲೂ ಕತ್ತಿನಲ್ಲಿ ಹಿಡಿದುಕೊಂಡಿತ್ತು. ಯಾವುದನ್ನು ಕೆಲಸವೆಂದು ಎಣಿಸಬೇಕು ಎಂದು ಪಟ್ಟಿ ರೂಪಿಸುವಾಗಿನ ಮೀಟಿಂಗಿನಲ್ಲಿ ಕೇಳಿದಾಗ, "ಕೈ ಆಡಿದ್ರೆ ಕೆಲಸ" ಎಂದವಳೂ ತಾನೇ. ಅಷ್ಟು ಚುಟುಕಾಗಿ ತಮಗೆ ಹೇಳಲಾಗದ್ದನ್ನು ಅಲ್ಲಿದ್ದ ಗಂಡಸರು ಮೆಚ್ಚಿದ್ದರು.

ರಜೆಯ ದಿನ ದಾದಿಯ ಮನೆ ಹುಡುಕಿಕೊಂಡು ಹೋದಳು. ಅಕ್ಕಪಕ್ಕದ ಹೆಂಗಸರು ನಲ್ಲಿಯ ಬಳಿ ಬಟ್ಟೆ ಒಗೆಯುತ್ತಿದ್ದರು, ದಾದಿಯೂ ಅವರ ನಡುವೆ.

"ಏಜೆನ್ಸಿ ಬಿಡಿ, ನಾವೇ ನಿಮ್ಮನ್ನ ಇಟ್ಕೋತೀವಿ" ಎಂದಳು.

"ನಿಮ್ಮನೆ ಕೆಲಸ ಬೇಡ. ನನ್ನನ್ನ ಮೈಗಳ್ಳಿ ಅಂತ ಬರ್ಕೊಂಡಿದಾರಲ್ಲ, ಅದನ್ನ ತೆಗೆಸಿ. ಇಲ್ದಿದ್ರೆ ಯಾವ ಏಜೆನ್ಸಿನೂ ಸೇರಿಸಲ್ಲ."

ಅವಳು ಅಲ್ಲೇ ಕಟ್ಟೆಯ ಮೇಲೆ ಕೂತು ಹಾಳೆ ತೆಗೆದು ಏಜೆನ್ಸಿಗೆ ಬರೆದಳು: ಉಪಕರಣದಲ್ಲಿ ದೋಷ ಕಂಡುಬಂದಿದೆ. ದಾದಿ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಕಂಡುಬಂತು ಅಂದ್ರೆ? ಮೋಡದಿಂದ ಉದುರ್ತಾ?"

ಯಾರೋ ಕಿಸಕ್ಕೆಂದರು. ಅವಳು ಆ ಹಾಳೆ ಹರಿದು ಇನ್ನೊಂದು ತೆಗೆದಳು. ಬಾಸ್‌ಗೂ ಒಂದು ಪ್ರತಿ ಹೋಗಬೇಕೆಂದು ಮೇಲೆಯೇ ಬರೆದಳು. ಮುಗಿಸಿ ಕೈಗೆ ಕೊಡಹೋದರೆ ದಾದಿ ತೆಗೆದುಕೊಳ್ಳಲಿಲ್ಲ.

"ಓದಿ. ನಾನು ಮೈಗಳ್ಳಿ ಅಂತ ಈ ವಠಾರದಲ್ಲಿ ಎಲ್ರಿಗೂ ಗೊತ್ತಾಗಿದೆ. ಇದೂ ಗೊತ್ತಾಗ್ಲಿ."

ನಲ್ಲಿ ನಿಲ್ಲಿಸಿದರು. ಅವಳು ಓದಿದಳು. "ಅಂಕಿಗಳು ಬಯಲಾದದ್ದು ನಾನು ಮಾಡಿದ ತಪ್ಪಿನಿಂದ. ಕೈ ಆಡದ ಹೊತ್ತು ಕೆಲಸವಲ್ಲ ಎಂದವಳೂ ನಾನೇ. ಆ ಹೊತ್ತಿನಲ್ಲಿ ಆಕೆ ನನ್ನ ಅತ್ತೆಯನ್ನು ಮಲಗಿಸುತ್ತಿದ್ದರು. ಒಂದೇ ಮನೆಯಲ್ಲಿದ್ದೂ ಅದು ನನಗೆ..." ಅಲ್ಲಿಗೆ ದನಿ ಇಳಿಯಿತು.

"ಕೇಳಿಸ್ತಿಲ್ಲ" ಎಂದಳು ದಾದಿ.

ಅವಳು ಆ ಸಾಲನ್ನು ಮೊದಲಿಂದ ಓದಿದಳು.