ನಾಟ್ಟೊ ತಿಂದವರು ಕೈ ಎತ್ತಿ

ಫುಸಾಯೆಗೆ ಮಾತು ಅಂದರೆ ಪ್ರಾಣ. ಮಿತೊ ಪಟ್ಟಣದ ಹೊರವಲಯದ ಹುಳಿಹಾಲಿನ ಕಾರ್ಖಾನೆಯಲ್ಲಿ ಬಾಟಲಿಗೆ ಮುಚ್ಚಳ ಹಾಕುವ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ವರ್ಷಗಟ್ಟಲೆ ನಿಂತಿದ್ದಳಲ್ಲ, ಅದೇ ಆಶ್ಚರ್ಯ. ಮಂಡಿನೋವು ಜಾಸ್ತಿಯಾದ ಮೇಲೆ ಅವಳನ್ನು ಶಾಲಾಮಕ್ಕಳಿಗೆ ಕಾರ್ಖಾನೆ ತೋರಿಸುವ ಕೆಲಸಕ್ಕೆ ಹಾಕಿದರು. ಅವತ್ತಿನಿಂದ ಅವಳನ್ನು ಹಿಡಿಯುವವರೇ ಇಲ್ಲ. ಹಾಲನ್ನು ಹುಳಿ ಮಾಡಿ ಹೊಟ್ಟೆಗೆ ಹಿತ ಮಾಡುವ ಜೀವಾಣುಗಳನ್ನು ಅವಳು ‘ನಮ್ಮ ಹುಡುಗರು’ ಅನ್ನುತ್ತಿದ್ದಳು. “ನಮ್ಮ ಹುಡುಗ್ರಿಗೆ ಚಳಿಯಾದ್ರೆ ಮಲಗಿಬಿಡ್ತಾರೆ, ಸೆಕೆಯಾದ್ರೆ ಸತ್ತೇ ಹೋಗ್ತಾರೆ. ಸಿಹಿ ಕೊಟ್ರೆ ಮಾತ್ರ ಕೆಲಸ. ಥೇಟ್ ನಿಮ್ಮ ಹಾಗೇನೇ ಕಣ್ರೋ!”

ಹಳೆಯ ಕಾರ್ಖಾನೆ. ಗಾಜಿನಾಚೆ ನಿಂತು ನೋಡುವ ನಾಜೂಕೆಲ್ಲ ಅಲ್ಲಿಲ್ಲ. ಬಿಳಿ ನಿಲುವಂಗಿ, ಟೋಪಿ ತೊಟ್ಟು ಮಕ್ಕಳು ಹಾಲಿನ ತೊಟ್ಟಿಗಳ ಪಕ್ಕಕ್ಕೇ ಹೋಗಬಹುದು. ಅದಕ್ಕೇ ಒಂದು ಕಟ್ಟುನಿಟ್ಟು: ನಾಟ್ಟೊ ತಿಂದವರು ಒಳಗೆ ಬರುವಂತಿಲ್ಲ. ಹುದುಗಿದ ಆ ಸೋಯಾಕಾಳಿನಲ್ಲಿರುವ ಜೀವಾಣು ಮಹಾ ಮೊಂಡು. ಬಟ್ಟೆಗೋ ಕೈಗೋ ಅಂಟಿಕೊಂಡು ತೊಟ್ಟಿಗೆ ಬಿತ್ತೋ, ಫುಸಾಯೆಯ ಸಾಧು ಹುಡುಗರನ್ನು ಮೂಲೆಗೆ ತಳ್ಳಿ ತಾನೇ ಯಜಮಾನನಾಗುತ್ತದೆ. ನೋಡಲು ಬರುವವರಿಗೆ ಆ ದಿನದ ಮಟ್ಟಿಗೆ ಪಥ್ಯ, ಕೆಲಸದವರಿಗೆ ರಜೆಯಲ್ಲೂ ಪಥ್ಯ. ಬೆಳಗಾದರೆ ಬಿಸಿ ಅನ್ನದ ಮೇಲೆ ನೂಲಿನಂತೆ ಎಳೆ ಬಿಡುವ ಅಂಟಂಟು ನಾಟ್ಟೊ ಇಲ್ಲದೆ ದಿನವೇ ಶುರುವಾಗದ ಮಿತೊದಂಥ ಊರಿನಲ್ಲಿ ಇಂಥದೊಂದು ಕಾರ್ಖಾನೆ ಕಟ್ಟಿದ ಪುಣ್ಯಾತ್ಮನನ್ನು ಏನನ್ನಬೇಕೋ ತಿಳಿಯದು.

ಅದರಲ್ಲೂ ಫುಸಾಯೆಯ ಅತ್ತೆ ಯೋನೆ, ಭತ್ತದ ಹುಲ್ಲಿನಲ್ಲಿ ಕಟ್ಟಿ ನಾಟ್ಟೊ ಮಾಡುವುದರಲ್ಲಿ ಬೀದಿಗೇ ಹೆಸರಾದವಳು. ಮನೆಗೆ ಬಂದ ಸೊಸೆ ಅದನ್ನು ಮುಟ್ಟಿಯೂ ನೋಡಲಿಲ್ಲ. “ನಮ್ಮನೆ ಸೊಸೆಗೆ ನನ್ನ ಕೈ ಅಡುಗೆ ಸೇರಲ್ಲ” ಎಂದು ಮುದುಕಿ ಕಂಡಕಂಡವರಿಗೆ ಹೇಳಿಕೊಂಡು ಬಂದಳು. ಕಾರ್ಖಾನೆಯ ನಿಯಮ ಎಂದರೆ ಅವಳ ಕಿವಿಗೇ ಹೋಗುತ್ತಿರಲಿಲ್ಲ. ಈಗ ತೊಂಬತ್ತರ ಹತ್ತಿರ. ಮರೆವು ಬಂದು ಫುಸಾಯೆಯನ್ನು ಒಮ್ಮೆ ನರ್ಸಮ್ಮ ಅನ್ನುವಳು, ಒಮ್ಮೆ ತಂಗಿ ಅನ್ನುವಳು. ಹೆಸರು ಹಿಡಿದು ಕರೆದು ಎರಡು ಚಳಿಗಾಲ ದಾಟಿತ್ತು.

ಫುಸಾಯೆಯ ಮೊಮ್ಮಗಳು ಚಿನಾತ್ಸುವಿನ ತರಗತಿ ಕಾರ್ಖಾನೆ ನೋಡಲು ಬರುವ ದಿನವೇ ಹಾಗಾಗಬೇಕೆ! ಪಕ್ಕದ ಬೀದಿಯಲ್ಲಿ ಅಪ್ಪ ಅಮ್ಮನ ಜತೆಗಿದ್ದ ಈ ಹುಡುಗಿ ತರಗತಿಯಲ್ಲಿ ಬಾಯಿ ಬಿಡುವವಳೇ ಅಲ್ಲ. ಆ ವಾರ ಮಾತ್ರ, “ನಮ್ಮಜ್ಜಿನೇ ಒಳಗೆ ಕರ್ಕೊಂಡು ಹೋಗೋದು” ಎಂದು ಜಂಬ ಕೊಚ್ಚಿಕೊಂಡು ತಿರುಗಿದ್ದಳು.

ಬೆಳಿಗ್ಗೆ ಫುಸಾಯೆ ಎದ್ದು ಬಂದರೆ ಅಡುಗೆಮನೆಯಲ್ಲಿ ದೀಪ. ಮುದುಕಿ ಅನ್ನ ಮಾಡಿ, ಮಗ, ಅಂದರೆ ಫುಸಾಯೆಯ ಗಂಡ, ತಂದಿಟ್ಟಿದ್ದ ನಾಟ್ಟೊಗೆ ಈರುಳ್ಳಿಸೊಪ್ಪು ಹೆಚ್ಚಿ ಹಾಕಿ ಕಲಸುತ್ತಿದ್ದಾಳೆ.

“ಫುಸಾಯೆ, ನಿಂತ್ಕೊಂಡೇನು ನೋಡ್ತೀಯಾ? ಕೂತ್ಕೋ. ಆರೋಗುತ್ತೆ.”

ಫುಸಾಯೆ ಕೂತಳು, ಬಟ್ಟಲು ಬರಿದಾಗುವ ತನಕ ತಿಂದಳು.

ಆಮೇಲೆ ಶುರುವಾಯಿತು ನೋಡಿ ಪೇಚಾಟ. ಹಲ್ಲುಜ್ಜಿದಳು, ತಲೆಗೆ ಸ್ನಾನ ಮಾಡಿದಳು, ಬೇರೆ ಬಟ್ಟೆ ಉಟ್ಟಳು. ಇಷ್ಟು ಸಾಕು, ಯಾರಿಗೆ ಗೊತ್ತಾಗುತ್ತೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಹುಷಾರಿಲ್ಲವೆಂದು ಮನೆಯಲ್ಲೇ ಕೂತರೆ ಆ ಮಗುವಿನ ಮುಖ ಎಷ್ಟು ಸಣ್ಣಗಾದೀತು!

ಮಕ್ಕಳು ನಿಲುವಂಗಿ ತೊಟ್ಟು ಬಾಗಿಲ ಬಳಿ ಸಾಲಾಗಿ ನಿಂತರು. ಮುಂದೆಯೇ ಚಿನಾತ್ಸು, ಕಿವಿತನಕ ನಗು. ಫುಸಾಯೆ ಪ್ರತಿ ತರಗತಿಗೂ ಕೇಳುವಂತೆ ಕೇಳಿದಳು. “ಇವತ್ತು ನಾಟ್ಟೊ ತಿಂದವರು ಕೈ ಎತ್ತಿ.”

ಯಾರೂ ಎತ್ತಲಿಲ್ಲ. ಮಕ್ಕಳೆಲ್ಲ ಅವಳನ್ನೇ ನೋಡುತ್ತಿದ್ದರು. ಬಾಗಿಲಾಚೆ ತೊಟ್ಟಿಗಳ ಗುಂಯ್ ಸದ್ದು. ನಿಧಾನವಾಗಿ ಫುಸಾಯೆಯ ಕೈಯೇ ಮೇಲಕ್ಕೆ ಹೋಯಿತು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗುವೋ ನಗು. “ಅಜ್ಜೀನೇ ಕಳ್ಳಿ!” ಎಂದು ಹಿಂದಿನಿಂದ ಒಬ್ಬ ಕೂಗಿದ. ಅಷ್ಟರಲ್ಲಿ ಸಾಲಿನ ನಡುವಿನಿಂದ ಇನ್ನೊಂದು ಕೈ ಮೆಲ್ಲಗೆ ಎದ್ದಿತು. “ಬಾಯಿ ತೊಳ್ಕೊಂಡ್ರೆ ಸಾಕು ಅಂದ್ಳು ನಮ್ಮಮ್ಮ” ಎಂದು ಆ ಹುಡುಗಿ ಅಳುಮೋರೆ ಮಾಡಿದಳು. ಅವಳ ಹಿಂದೆ ಮತ್ತೊಂದು ಕೈ.

ತೊಟ್ಟಿಗಳ ಮೇಸ್ತ್ರಿ ಒನುಕಿ ಹುಬ್ಬು ಹಾರಿಸಿದ. “ಏನ್ ಫುಸಾಯೆ ಅವ್ರೇ, ನೀವೇ ಹಿಂಗಾ? ನಂಗೆಲ್ಲಿ ಬರುತ್ತೆ ಮಕ್ಕಳ ಜತೆ ಮಾತು?” ಎಂದು ಗೊಣಗುತ್ತಲೇ ಮಕ್ಕಳನ್ನು ಒಳಗೆ ಕರೆದೊಯ್ದ. ಚಿನಾತ್ಸು ಅಜ್ಜಿಯತ್ತ ತಿರುಗಿಯೂ ನೋಡಲಿಲ್ಲ. ಕಿವಿಯೆಲ್ಲ ಕೆಂಪಗಾಗಿತ್ತು. ಮೇಸ್ತ್ರಿಯ ಗೊಣಗಾಟ ಫುಸಾಯೆಗೆ ತಾಕಲಿಲ್ಲ, ಆ ಕೆಂಪು ಕಿವಿ ಮಾತ್ರ ಕರುಳಿಗೇ ತಾಕಿತು.

ಹೊರಗೆ ಉಳಿದ ಇಬ್ಬರಿಗೂ ಅವಳು ‘ನಮ್ಮ ಹುಡುಗರ’ ಕಥೆಯನ್ನು ಕೈಬಾಯಿ ಆಡಿಸಿ ಹೇಳಿದಳು. ಅವರು ನಕ್ಕರು, ಅವಳಿಗೆ ನಗು ಬರಲಿಲ್ಲ.

ಎಲ್ಲ ಮುಗಿದು ಮಕ್ಕಳು ಒಂದೊಂದು ಪುಟ್ಟ ತಣ್ಣನೆಯ ಬಾಟಲಿ ಹಿಡಿದು ಬಸ್ಸಿನತ್ತ ಹೊರಟರು. ಚಿನಾತ್ಸು ಸಾಲು ಬಿಟ್ಟು ಬಂದು ಎದುರಿಗೆ ನಿಂತಳು.

“ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ.”

“ಹೌದು ಕಂದಾ.”

“ಮತ್ತೆ ಯಾಕಜ್ಜಿ ತಿಂದೆ? ಇವತ್ತೇ!”

“ಮುತ್ತಜ್ಜಿ ಕಲಸಿ ಕೊಟ್ರು. ಫುಸಾಯೆ ಅಂತ ಕರೆದ್ರು.”

ಹುಡುಗಿಯ ಸಿಟ್ಟು ಅಲ್ಲೇ ನಿಂತಿತು. ಬಾಟಲಿಯನ್ನು ಕೈಯಿಂದ ಕೈಗೆ ಬದಲಾಯಿಸಿದಳು. “ನನ್ನ ಹೆಸ್ರೂ ಹೇಳಿದ್ರಾ?”

ಒಂದು ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. “ಇಲ್ಲ ಕಣೇ” ಅಂದಳು ಫುಸಾಯೆ.

ಬಸ್ಸಿನ ಬಳಿಯಿಂದ ಮೇಷ್ಟ್ರು ಕೂಗುತ್ತಿದ್ದರು. ಚಿನಾತ್ಸು ಓಡಿದಳು. ಬಸ್ಸಿನ ಮೆಟ್ಟಿಲ ಮೇಲೆ ನಿಂತು, ತರಗತಿಯಲ್ಲಿ ಬಾಯಿ ಬಿಡದ ಆ ಹುಡುಗಿ ಎಲ್ಲರಿಗೂ ಕೇಳುವಂತೆ ಗಂಟಲು ಹರಿದುಕೊಂಡಳು. “ನಾಳೆ ಬೆಳಿಗ್ಗೆ ನಾನೂ ಬರ್ತೀನಿ ಅಜ್ಜೀ! ನಂಗೂ ಕಲಸಿ ಕೊಡೋಕೆ ಮುತ್ತಜ್ಜಿಗೆ ಹೇಳು! ನನ್ನ ಹೆಸರು ನಾನೇ ಹೇಳ್ಕೊಡ್ತೀನಿ!”