ಮಸ್ಕಿಯ ಫೋಲ್ಡರ್ ಮುಂದಿನ ಹಳದಿ ಗುರುತು

ನಾನು ನಿವೃತ್ತನಾಗಿದ್ದು ಕಳೆದ ವರ್ಷ. ಈ ಘಟನೆ ನಡೆದದ್ದು ಅದಕ್ಕೆ ಎರಡು ವರ್ಷ ಮೊದಲು, ಸಿಂಧನೂರಿನ ಒಂದು ಖಾಸಗಿ ಕಣ್ಣಿನ ಆಸ್ಪತ್ರೆಯಲ್ಲಿ. ನಾನು ಅಲ್ಲಿ ಸಿಸ್ಟಂ ಅಡ್ಮಿನಿಸ್ಟ್ರೇಟರ್. ಆಸ್ಪತ್ರೆಗೆ ಲಿಂಗಸುಗೂರು ಮತ್ತು ಮಸ್ಕಿಯಲ್ಲಿ ಒಂದೊಂದು ಕ್ಲಿನಿಕ್ ಇದ್ದವು. ಎರಡೂ ಕಡೆ ಒಂದೊಂದು ಸರ್ವರ್. ರೋಗಿಗಳ ಪರೀಕ್ಷೆಯ ವರದಿ, ಕಣ್ಣಿನ ಚಿತ್ರ ಎಲ್ಲವೂ ಅದರಲ್ಲಿ. ದಿನಕ್ಕೊಮ್ಮೆ ಅವುಗಳ ಪ್ರತಿ ಸಿಂಧನೂರಿಗೆ ಬಂದು ಸೇರುತ್ತಿತ್ತು. ಇದೇ ಬ್ಯಾಕಪ್. ಮೊದಲ ಕೇಬಲ್ ಎಳೆದ ದಿನದಿಂದ ಆ ನೆಟ್‌ವರ್ಕ್ ನನ್ನದೇ ಎಂಬಂತೆ ನೋಡಿಕೊಂಡು ಬಂದಿದ್ದೆ.

ಆ ವರ್ಷ ಗಿರಿಜಾ ನನ್ನ ಸಹಾಯಕಿಯಾಗಿ ಕೆಲಸಕ್ಕೆ ಸೇರಿದಳು. ತುರ್ವಿಹಾಳದಿಂದ ಬಸ್ಸಿಗೆ ಬಂದು ಹೋಗುತ್ತಿದ್ದ, ಇಪ್ಪತ್ತಾರರ ಹುಡುಗಿ. ಮಾತು ಕಡಿಮೆ. ನಮ್ಮ ಬ್ಯಾಕಪ್ ಮುಗಿಯಲು ಒಂಬತ್ತು ತಾಸು ಹಿಡಿಯುತ್ತಿತ್ತು. ಎಷ್ಟೋ ಸಲ ಬೆಳಗ್ಗೆ ಕ್ಲಿನಿಕ್ ತೆರೆದರೂ ಇನ್ನೂ ಓಡುತ್ತಲೇ ಇರುತ್ತಿತ್ತು. ಬದಲಾದ ಫೈಲುಗಳನ್ನಷ್ಟೇ ನಕಲು ಮಾಡುವಂತೆ ಗಿರಿಜಾ ಅದನ್ನು ಹೊಸದಾಗಿ ಜೋಡಿಸಿದಳು. ನಲವತ್ತು ನಿಮಿಷಕ್ಕೆ ಇಳಿಯಿತು. ಆಸ್ಪತ್ರೆ ನಡೆಸುತ್ತಿದ್ದ ಡಾಕ್ಟರ್ ಮೇಡಂ ಎಲ್ಲ ಸಿಬ್ಬಂದಿಯ ಮುಂದೆ, "ಇಷ್ಟು ವರ್ಷ ಯಾರಿಗೂ ಹೊಳೀಲಿಲ್ಲ ನೋಡ್ರಿ ಇದು" ಎಂದರು. ಅವರು ನನ್ನ ಕಡೆ ನೋಡಲಿಲ್ಲ. ಮಿಕ್ಕವರೆಲ್ಲ ನೋಡಿದರು.

ಅವತ್ತಿನಿಂದ ನನ್ನ ಹೊಟ್ಟೆಯಲ್ಲಿ ಒಂದು ಕೆಂಡ ಇತ್ತು. ಅವಳು ಕೀಬೋರ್ಡ್ ಮೇಲೆ ಬೆರಳಾಡಿಸುವ ಸದ್ದೂ ನನಗೆ ಆಗದಾಯಿತು. ಕ್ಲಿನಿಕ್‌ಗಳಿಂದ ಫೋನ್ ಬಂದರೆ "ಗಿರಿಜಾ ಅದಾರೇನ್ರಿ?" ಎಂದು ಕೇಳುತ್ತಿದ್ದರು. ಇದ್ದರೂ ಇಲ್ಲ ಎನ್ನುತ್ತಿದ್ದೆ.

ಪ್ರತಿ ಫೋಲ್ಡರ್‌ಗೂ ಅದನ್ನು ಯಾರು ತೆರೆಯಬಹುದು, ಯಾರು ಬದಲಿಸಬಹುದು ಎಂಬ ಪಟ್ಟಿ ಇರುತ್ತದೆ. ಅದಕ್ಕೆ ಪರ್ಮಿಷನ್ ಎನ್ನುತ್ತೇವೆ. ಬ್ಯಾಕಪ್ ಮಾಡುವ ಪ್ರೋಗ್ರಾಂ ಕೂಡ ಒಂದು ಅಕೌಂಟ್ ಹೆಸರಿನಲ್ಲೇ ಓಡುತ್ತದೆ; ಆ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಫೋಲ್ಡರ್ ಅದಕ್ಕೂ ಬಾಗಿಲು ತೆರೆಯುವುದಿಲ್ಲ. ಒಂದು ಸೋಮವಾರ ಮಸ್ಕಿಗೆ ಹೋದಾಗ ಅಲ್ಲಿನ ಪಟ್ಟಿ ತೆರೆದು ನೋಡಿದೆ. ಗಿರಿಜಾ ಕೆಲವು ಅಕೌಂಟ್‌ಗಳ ಒಂದು ಹೊಸ ಗುಂಪು ಮಾಡಿ ಅದಕ್ಕೆ ಸೇರಿಸಿದ್ದಳು. ಸೆಕ್ಯುರಿಟಿ ದೃಷ್ಟಿಯಿಂದ ಇದು ಸರಿಯಲ್ಲ ಎಂದು ನನಗೆ ನಾನೇ ಹೇಳಿಕೊಂಡು ಆ ಗುಂಪನ್ನು ತೆಗೆದುಹಾಕಿದೆ. ಅದರೊಳಗೆ ಯಾರ್ಯಾರಿದ್ದಾರೆಂದು ನೋಡಲು ಒಂದು ಕ್ಲಿಕ್ ಸಾಕಿತ್ತು. ನೋಡಲಿಲ್ಲ.

ಮರುದಿನ ಬ್ಯಾಕಪ್ ವರದಿಯ ಮೇಲ್ ಬಂತು. ಲಿಂಗಸುಗೂರಿನ ಮುಂದೆ ಹಸಿರು ಗುರುತು, ಮಸ್ಕಿಯ ಮುಂದೆ ಹಳದಿ. ಒಳಗೆ 'ಆಕ್ಸೆಸ್ ಡಿನೈಡ್' ಎಂಬ ಸಾಲು, ಅಂದರೆ ಪ್ರವೇಶವಿಲ್ಲ. ಬ್ಯಾಕಪ್ ಅಕೌಂಟ್ ಅದೇ ಗುಂಪಿನಲ್ಲಿತ್ತೆಂದು ತಕ್ಷಣ ತಿಳಿಯಿತು. ಐದು ನಿಮಿಷದಲ್ಲಿ ಸರಿಪಡಿಸಬಹುದಿತ್ತು. ಆದರೆ ಆ ಹಳದಿ ಗುರುತು ನೋಡಿ ನನಗೆ ಖುಷಿಯಾಯಿತು. ತಿಂಗಳ ಸಭೆಯಲ್ಲಿ ಮೇಡಂ ಮುಂದೆ ಇದರ ಮಾತು ತೆಗೆಯೋಣ, ಅವಳ ಜೋಡಣೆ ಎಷ್ಟು ಗಟ್ಟಿ ಅಂತ ಎಲ್ಲರಿಗೂ ಗೊತ್ತಾಗಲಿ ಎಂದುಕೊಂಡೆ. ಆ ತಿಂಗಳ ಸಭೆ ಮುಂದಕ್ಕೆ ಹೋಯಿತು. ನಂತರದ್ದೂ ಹೋಯಿತು. ಹಳದಿ ಗುರುತು ದಿನಾಲೂ ಬರುತ್ತಿತ್ತು. ಮೇಲ್ ಬರುತ್ತಿದ್ದದ್ದು ನನಗೊಬ್ಬನಿಗೇ.

ಗಿರಿಜಾ ಒಮ್ಮೆ ಕೇಳಿದ್ದಳು: "ಸರ್, ಬ್ಯಾಕಪ್ ಮೇಲ್ ನನಗೂ ಬರೋ ಹಂಗ ಮಾಡ್ರಿ."

"ಅದರ ಜವಾಬ್ದಾರಿ ನಂದು. ನಿನಗ್ಯಾಕ ಅದು?" ಎಂದಿದ್ದೆ.

ಹನ್ನೊಂದು ವಾರ ಹೀಗೇ ಕಳೆದವು. ಒಂದು ಬೆಳಗ್ಗೆ ಕರೆಂಟ್ ಏರುಪೇರಾಗಿ ಮಸ್ಕಿ ಸರ್ವರ್‌ನ ಎರಡೂ ಡಿಸ್ಕ್‌ಗಳು ಸುಟ್ಟುಹೋದವು.

ಅದೇ ದಿನ ಮಸ್ಕಿ ಕ್ಲಿನಿಕ್‌ನಿಂದ ಹುಲಿಗೆಮ್ಮ ಎಂಬಾಕೆಯನ್ನು ಸಿಂಧನೂರಿಗೆ ಕಳಿಸಿದ್ದರು. ಪಾಮನಕಲ್ಲೂರಿನವರು, ಕುಪ್ಪಸ ಹೊಲಿಯುವ ಕೆಲಸ. ಅವರಿಗೆ ಗ್ಲಾಕೋಮಾ, ಅಂದರೆ ಅಂಚಿನಿಂದ ಒಳಕ್ಕೆ ದೃಷ್ಟಿ ಕಿರಿದಾಗುತ್ತ ಬರುವ ಕಾಯಿಲೆ. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಬೇಕೋ, ಹನಿ ಔಷಧ ಸಾಕೋ ಎಂದು ಮೇಡಂ ನಿರ್ಧರಿಸಬೇಕಿತ್ತು. ಅದಕ್ಕೆ ನೋಟದ ಅಗಲ ಅಳೆಯುವ ಫೀಲ್ಡ್ ಟೆಸ್ಟ್‌ನ ಹಳೆಯ ವರದಿಗಳು ಬೇಕು. ಒಂದರ ಪಕ್ಕ ಒಂದಿಟ್ಟು ನೋಡಿದರಷ್ಟೇ ದೃಷ್ಟಿ ಎಷ್ಟು ಬೇಗ ಕಿರಿದಾಗುತ್ತಿದೆ ಎಂದು ತಿಳಿಯುವುದು. ಅಂಥ ಐದು ವರದಿಗಳು ಮಸ್ಕಿ ಸರ್ವರ್‌ನಲ್ಲಿದ್ದವು.

ಮೇಡಂ ನಮ್ಮಿಬ್ಬರನ್ನೂ ಕರೆಸಿದರು. ಗಿರಿಜಾ ಬ್ಯಾಕಪ್ ತೆರೆದಳು. ಮಸ್ಕಿಯ ಕೊನೆಯ ಪ್ರತಿ ಹನ್ನೊಂದು ವಾರ ಹಿಂದಿನದು. ಅವಳ ಮುಖದ ಬಣ್ಣ ಇಳಿಯಿತು.

"ಇದು ನೀ ಮಾಡಿದ ವ್ಯವಸ್ಥಾ ಅಲ್ಲೇನು?" ಎಂದರು ಮೇಡಂ.

"ಹೌದ್ರಿ ಮೇಡಂ. ಹನ್ನೊಂದು ವಾರದ ಹಿಂದಿನ ಸೋಮವಾರದ ತನಕ ಸರಿ ನಡದೈತ್ರಿ. ಅವತ್ತು ಏನಾತು ಅಂತ ನನಗ ತಿಳೀವಲ್ದು."

ನಾನು ಪಟ್ಟಿ ಬದಲಿಸಿದ್ದಕ್ಕೆ ದಾಖಲೆ ಇದ್ದದ್ದು ಮಸ್ಕಿ ಸರ್ವರ್‌ನಲ್ಲಿ. ಅದೇ ಸುಟ್ಟುಹೋಗಿತ್ತು. ಮೇಲ್‌ಗಳನ್ನು ಅಳಿಸಿಬಿಟ್ಟರೆ ಮುಗಿಯಿತು. ನಾನು ಕಾದಿದ್ದ ಗಳಿಗೆ ಕೇಳಿದ್ದಕ್ಕಿಂತ ಚೆನ್ನಾಗಿಯೇ ಬಂದಿತ್ತು. ಗಿರಿಜಾಳ ಕಣ್ಣು ತುಂಬಿದ್ದವು.

ಬಾಗಿಲ ಬಳಿಯ ಬೆಂಚಿನ ಮೇಲಿದ್ದ ಹುಲಿಗೆಮ್ಮ ಕೇಳಿದರು: "ಯಪ್ಪಾ, ಕಾಗದ ಸಿಗಲಿಲ್ಲಂದ್ರ ಮಷೀನ್ ಬಿಡಬೇಕಾಕೈತೇನು? ಸೂಜಿಗೆ ದಾರ ಪೋಣಿಸಾಕ ಒಂದು ಕಣ್ಣಾರ ಇರಲಿ."

ಅವರು ಯಾರನ್ನೂ ಬೈದಿರಲಿಲ್ಲ. ಇನ್ನು ಮುಚ್ಚಿಡಲು ನನ್ನಿಂದ ಆಗಲಿಲ್ಲ.

"ಮೇಡಂ, ಮಸ್ಕಿ ಪಟ್ಟಿಯಿಂದ ಬ್ಯಾಕಪ್ ಗುಂಪು ತೆಗೆದಾಂವ ನಾನ್ರಿ, ಅದಕ್ಕ ಬ್ಯಾಕಪ್ ನಿಂತದ್ದು" ಎಂದೆ. "ಮರುದಿನಾನ ನನಗ ಗೊತ್ತಾಗಿತ್ತು. ಬೇಕಂತಲೇ ಬಿಟ್ಟೀನಿ. ಈಕಿದು ಏನೂ ತಪ್ಪಿಲ್ಲ."

ಮೇಡಂ ನನ್ನನ್ನು ನೋಡಿದರು. "ಮೊದಲು ವರದಿ ತೆಗೀರಿ. ನಿಮ್ಮ ಮಾತು ಆಮ್ಯಾಲೆ" ಎಂದರು.

ಹಳೆಯ ಪ್ರತಿಯಲ್ಲಿ ಮೂರು ವರದಿಗಳಿದ್ದವು. ಅವನ್ನು ತೆರೆಯಲು ಹೋದರೆ ಮತ್ತೆ 'ಆಕ್ಸೆಸ್ ಡಿನೈಡ್'. ಫೈಲಿನ ಜೊತೆ ಅದರ ಪರ್ಮಿಷನ್ ಪಟ್ಟಿಯೂ ನಕಲಾಗಿತ್ತು. ಆ ಹೆಸರುಗಳನ್ನು ಬಲ್ಲ ಸರ್ವರ್ ಸತ್ತಿದ್ದರಿಂದ, ಮಾಲೀಕನ ಹೆಸರು ಇರಬೇಕಾದ ಕಡೆ ಉದ್ದನೆಯ ಸಂಖ್ಯೆಯೊಂದು ಕಾಣುತ್ತಿತ್ತು. ಇಂಥಲ್ಲಿ ಮೊದಲು ಫೋಲ್ಡರ್‌ನ ಮಾಲೀಕತ್ವ ನಮ್ಮ ಅಕೌಂಟಿಗೆ ಬರೆದುಕೊಳ್ಳಬೇಕು, ಆಮೇಲೆ ಓದುವ ಹಕ್ಕು ಕೊಡಬೇಕು. ನಾನು ಒಂದೊಂದೇ ಫೈಲ್ ಹಿಡಿದು ಮಾಡುತ್ತಿದ್ದೆ. ಗಿರಿಜಾ ಮೆಲ್ಲಗೆ, "ಅಸಲಿ ಪ್ರತಿಗೆ ಕೈ ಹಚ್ಚೂದು ಬ್ಯಾಡ್ರಿ ಸರ್. ಇನ್ನೊಂದು ನಕಲು ತೆಗದು, ಅದರ ಮ್ಯಾಲೆ ಒಂದ ಕಮಾಂಡ್‌ನಾಗ ಮಾಡೂನ್ರಿ" ಎಂದಳು. ಕುರ್ಚಿ ಬಿಟ್ಟೆ. ಇಪ್ಪತ್ತು ನಿಮಿಷದಲ್ಲಿ ಇಡೀ ಫೋಲ್ಡರ್ ತೆರೆದುಕೊಂಡಿತು. ಆಗಲೂ ಅವಳ ಮೇಲಿನ ಹೊಟ್ಟೆಕಿಚ್ಚು ಆರಿರಲಿಲ್ಲ, ಸುಳ್ಳು ಹೇಳುವುದಿಲ್ಲ.

ಇನ್ನೆರಡು ವರದಿಗಳು ಆ ಹನ್ನೊಂದು ವಾರದವು. ಪರೀಕ್ಷೆ ಮಾಡುವ ಯಂತ್ರ ತನ್ನ ನೆನಪಿನಲ್ಲೂ ಒಂದು ಪ್ರತಿ ಇಟ್ಟುಕೊಂಡಿರುತ್ತದೆ ಎಂಬುದು ನನಗೆ ಗೊತ್ತಿತ್ತು. ಬಸ್ ಹಿಡಿದು ಮಸ್ಕಿಗೆ ಹೋಗಿ, ಪೆನ್ ಡ್ರೈವ್‌ನಲ್ಲಿ ತುಂಬಿಕೊಂಡು ಸಂಜೆಯೊಳಗೆ ಮರಳಿದೆ. ಮೇಡಂ ಐದನ್ನೂ ಮೇಜಿನ ಮೇಲೆ ಹರಡಿದರು. ಕಡೆಯ ಎರಡರಲ್ಲಿ ದೃಷ್ಟಿ ಹೋದದ್ದನ್ನು ತೋರಿಸುವ ಕಪ್ಪು ಭಾಗ ನಡುವಿನ ಹತ್ತಿರಕ್ಕೆ ಬಂದಿತ್ತು. ಮೂರನ್ನೇ ನೋಡಿದ್ದರೆ ಹನಿ ಔಷಧ ಕೊಟ್ಟು ಕಳಿಸುತ್ತಿದ್ದೆ ಎಂದರು ಅವರು. ಅದೇ ವಾರ ಶಸ್ತ್ರಚಿಕಿತ್ಸೆಯಾಯಿತು. ಹುಲಿಗೆಮ್ಮನ ಬಲಗಣ್ಣು ಉಳಿಯಿತು.

ಎಲ್ಲವೂ ಉಳಿಯಲಿಲ್ಲ. ಆ ಅವಧಿಯಲ್ಲಿ ತೆಗೆದ ಕಣ್ಣಿನ ಚಿತ್ರಗಳು ಯಾವ ಯಂತ್ರದಲ್ಲೂ ಇರಲಿಲ್ಲ. ಅರವತ್ತೆರಡು ರೋಗಿಗಳಿಗೆ ನಾನೇ ಫೋನ್ ಮಾಡಿ, ತಪ್ಪು ನಮ್ಮದು, ಇನ್ನೊಮ್ಮೆ ಬನ್ನಿ ಎಂದು ಕೇಳಿಕೊಂಡೆ. ಒಂಬತ್ತು ಜನ ಬರಲೇ ಇಲ್ಲ. ಅವರ ಕಣ್ಣುಗಳ ಗತಿ ಏನಾಯಿತೋ ನನಗೆ ತಿಳಿಯದು.

ಮೇಡಂ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಸರ್ವರ್‌ಗಳ ಜವಾಬ್ದಾರಿ ಗಿರಿಜಾಗೆ ಕೊಟ್ಟು, ನನ್ನನ್ನು ಅವಳ ಕೈಕೆಳಗೆ ಹಾಕಿದರು. ಕ್ಷಮೆ ಕೇಳಿದೆ. "ಕೆಲಸ ನೋಡೂನ್ ಬರ್ರಿ ಸರ್" ಎಂದಳು. ಕ್ಷಮಿಸಿದ್ದೇನೆ ಎಂದು ಅವಳು ಯಾವತ್ತೂ ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಬ್ಯಾಕಪ್ ಆಗಿದೆ ಎಂದು ನಂಬಿ ಕೂರಬಾರದು, ತಿಂಗಳಿಗೊಮ್ಮೆಯಾದರೂ ಒಂದು ಫೈಲನ್ನು ಮರಳಿ ತೆಗೆದು ನೋಡಬೇಕು. ಇದು ಯಾವ ತರಬೇತಿಯಲ್ಲೂ ಹೇಳಿಕೊಡುವ ಪಾಠ. ನಾನು ಮಾಡಿದ ಕೆಲಸ ಕಲಿಸಿದ್ದು ಇನ್ನೊಂದು. ಎಚ್ಚರಿಕೆಯ ಮೇಲ್ ಒಬ್ಬನಿಗೇ ಹೋಗಬಾರದು. ಆ ಒಬ್ಬನ ಮನಸ್ಸು ಅವತ್ತು ಹೇಗಿದೆ ಎಂಬುದು ಸರ್ವರ್‌ಗೆ ಗೊತ್ತಿರುವುದಿಲ್ಲ.