ಜರ್ಮನಿಯ ಹಾಡುಗಾರ್ತಿಗೆ ನಮ್ಮವರ ಹಿಮ್ಮೇಳ

ಚಹಾ ಹಿಡಿದು ಹೊರಗೆ ಬಂದರೆ ನಮ್ಮ ಮನೆಯವರು ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದರು! ಹಟ್ಟಿಯ ಗಣಿಯಲ್ಲಿ ಪಾಳಿ ಮುಗಿಸಿ ಬಂದವರು ಇನ್ನೂ ಬೂಟು ಬಿಚ್ಚಿರಲಿಲ್ಲ. ಮೊಬೈಲಿನಲ್ಲಿ ಯಾರೋ ಕಳಿಸಿದ್ದ ರೆಕಾರ್ಡಿಂಗ್. ಒಬ್ಬ ಹೆಂಗಸು ಪಿಯಾನೊ ಜೊತೆ ಜರ್ಮನ್ ಹಾಡು ಹೇಳುತ್ತಿದ್ದಳು. ಆಕೆ ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಇವರು ಅದೇ ಧಾಟಿಯನ್ನು ಗುನುಗುತ್ತಿದ್ದರು, ಥೇಟ್ ಭಜನೆಯ ಹಿಮ್ಮೇಳದಂತೆ.

ನನಗೆ ಮೈಯೆಲ್ಲ ಉರಿಯಿತು. ಮದುವೆಯಾದಾಗಿನಿಂದ ಪ್ರತಿ ಸೋಮವಾರ ಮಠದ ಭಜನೆಯಲ್ಲಿ ನಾನು ಮುಂದೆ ಹಾಡುತ್ತೇನೆ, ಉಳಿದವರು ಎತ್ತಿಕೊಂಡು ಹಾಡುತ್ತಾರೆ. ಇವರು ಮಾತ್ರ ತಾಳ ಬಾರಿಸುತ್ತಾರೆಯೇ ಹೊರತು ಒಂದು ದಿನವೂ ಬಾಯಿ ಬಿಟ್ಟವರಲ್ಲ.

“ಆಕಿ ಹಾಡಿದ್ದು ನಿಮಗೇನ್ ತಿಳೀತೈತ್ರಿ?” ಎಂದೆ.

“ಏನೂ ತಿಳಿಯಂಗಿಲ್ಲ ಬಿಡು. ನಿನ್ನ ಹಿಂದ ಓಣಿ ಮಂದಿಯೆಲ್ಲ ಹಾಡ್ತಾರ. ಪಾಪ, ಆಕಿ ಹಿಂದ ಯಾರೂ ಇಲ್ಲ” ಎಂದರು.

ಮುಂದಿನ ಸೋಮವಾರ ಇವರೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಸುಮ್ಮನಿರಲು ಮೊದಲೇ ಹೇಳಿಟ್ಟು, ಒಂದು ಸಾಲು ಹಾಡಿ ನಿಲ್ಲಿಸಿದೆ. ಯಾರೂ ಎತ್ತಿಕೊಳ್ಳಲಿಲ್ಲ. ಆಮೇಲೆ ಗಂಡಸರ ನಡುವಿನಿಂದ ಇವರೊಬ್ಬರದೇ ದನಿ ಬಂತು, ಶ್ರುತಿ ತಪ್ಪಿ, ಅಳುಕುತ್ತ. ಆ ಜರ್ಮನಿಯವಳು ಅದನ್ನು ಕೇಳಬೇಕಿತ್ತು!